ಆಲೂಗಡ್ಡೆ ಬೆಂದಿದೆಯಾ? ಕರೆಂಟನ್ನೇ ಕೇಳಿ

ಎರಡು ಆಲೂಗಡ್ಡೆ. ಒಂದು ಹಸಿ, ಇನ್ನೊಂದು ಕುಕ್ಕರಿನಲ್ಲಿ ಬೇಯಿಸಿ ಆರಿಸಿದ್ದು. ಎರಡಕ್ಕೂ ಒಂದೇ ಅಂತರದಲ್ಲಿ ಸ್ಟೀಲ್ ಸೂಜಿ ಚುಚ್ಚಿ, ತೀರಾ ಸಣ್ಣ ಎಸಿ ಕರೆಂಟು (ದಿಕ್ಕು ಬದಲಿಸುತ್ತಲೇ ಇರುವ ಕರೆಂಟು) ಹರಿಸಿದೆ. ಹಸಿ ಆಲೂಗಡ್ಡೆ ಸೆಕೆಂಡಿಗೆ ಸಾವಿರ ಸುತ್ತಿನ ಫ್ರೀಕ್ವೆನ್ಸಿಯಲ್ಲಿ, ಅಂದರೆ 1 ಕಿಲೋಹರ್ಟ್ಸ್‌ನಲ್ಲಿ ಕರೆಂಟಿಗೆ ಚೆನ್ನಾಗಿ ಅಡ್ಡಿ ಮಾಡಿತು. 100 ಕಿಲೋಹರ್ಟ್ಸ್ ತಲುಪುವಷ್ಟರಲ್ಲಿ ಆ ಅಡ್ಡಿ ತುಂಬಾ ಇಳಿದಿತ್ತು. ಬೆಂದದ್ದರಲ್ಲಿ ಅಡ್ಡಿ ಮೊದಲಿನಿಂದಲೂ ಕಡಿಮೆ, ಫ್ರೀಕ್ವೆನ್ಸಿ ಏರಿಸಿದರೂ ದೊಡ್ಡ ಬದಲಾವಣೆ ಇಲ್ಲ. ಅದೇ ನೀರು, ಅದೇ ಉಪ್ಪು, ಅದೇ ಪಿಷ್ಟ. ಹಾಗಾದರೆ ಬೇಯುವಾಗ ಹೋದದ್ದೇನು?

ಹೋದದ್ದು ಜೀವಕೋಶದ ಪೊರೆ. ಕೋಶದ ಒಳಗೂ ಉಪ್ಪು ನೀರು, ಹೊರಗೂ ಉಪ್ಪು ನೀರು. ಎರಡರಲ್ಲೂ ಕರೆಂಟು ಸಲೀಸಾಗಿ ಹರಿಯುತ್ತದೆ. ನಡುವೆ ಇರುವ ಕೊಬ್ಬಿನ ತೆಳು ಪೊರೆ ಮಾತ್ರ ಬಿಡುವುದಿಲ್ಲ. ಎರಡು ವಾಹಕಗಳ ಮಧ್ಯೆ ಒಂದು ಅವಾಹಕ ಅಂದರೆ ಅದು ಕೆಪಾಸಿಟರ್ ತಾನೇ? ನಿಧಾನವಾಗಿ ದಿಕ್ಕು ಬದಲಿಸುವ ಕರೆಂಟಿಗೆ ಕೆಪಾಸಿಟರ್ ಗೋಡೆ. ಹಾಗಾಗಿ ಅದು ಕೋಶಗಳ ನಡುವಿನ ಸಂದಿಯಲ್ಲೇ ನುಸುಳಬೇಕು. ವೇಗವಾಗಿ ಬದಲಿಸುವ ಕರೆಂಟಿಗೆ ಅದೇ ಗೋಡೆ ಬಾಗಿಲಾಗುತ್ತದೆ, ಅದು ಕೋಶದ ಒಳಗಿಂದಲೇ ಹಾದು ಹೋಗುತ್ತದೆ. ಬೇಯಿಸಿದರೆ ಪೊರೆ ಹರಿದು ಒಳಗಿನ ನೀರು ಹೊರಗೆ ಬೆರೆಯುತ್ತದೆ. ಗೋಡೆಯೇ ಇಲ್ಲದ ಮೇಲೆ ಯಾವ ಫ್ರೀಕ್ವೆನ್ಸಿ ಆದರೇನು?

ಈ ಅಡ್ಡಿಯ ಹೆಸರು ಇಂಪೀಡೆನ್ಸ್. ರೆಸಿಸ್ಟೆನ್ಸ್ ಅದರ ಒಂದು ಭಾಗ. ಕರೆಂಟಿಗಿಂತ ವೋಲ್ಟೇಜ್ ಎಷ್ಟು ಹಿಂದೆ ಬಿತ್ತು ಎಂಬುದು ಇನ್ನೊಂದು ಭಾಗ. ಪೊರೆಯ ಸುಳಿವು ಸಿಗುವುದು ಈ ಎರಡನೆಯದರಲ್ಲಿ.

ಇದೇ ದಾರಿಯಲ್ಲಿ ನಡೆದ ಒಂದು ಕೆಲಸ ನನಗೆ ಇವತ್ತಿಗೂ ಬೆರಗು. ಡೆನ್ಮಾರ್ಕ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಹ್ಯೂಗೋ ಫ್ರಿಕೆ 1925ರಲ್ಲಿ ರಕ್ತದ ಇಂಪೀಡೆನ್ಸ್ ಅಳೆದರು. ಅದರಿಂದ ಕೆಂಪು ರಕ್ತಕಣದ ಪೊರೆಯ ಕೆಪಾಸಿಟೆನ್ಸ್ (ಕೆಪಾಸಿಟರ್ ಆಗಿ ಅದು ಎಷ್ಟು ಚಾರ್ಜ್ ಹಿಡಿಯಬಲ್ಲದು ಎಂಬ ಅಳತೆ) ಲೆಕ್ಕ ಹಾಕಿದರು. ಚದರ ಸೆಂಟಿಮೀಟರಿಗೆ 0.81 ಮೈಕ್ರೋಫ್ಯಾರಡ್ ಬಂತು. ಪೊರೆ ತೆಳುವಾದಷ್ಟೂ ಈ ಅಳತೆ ಹೆಚ್ಚುವುದರಿಂದ, ಪೊರೆಯ ದಪ್ಪ ಸುಮಾರು 3.3 ನ್ಯಾನೋಮೀಟರ್ ಇರಬೇಕು ಎಂದರು. ಆಗ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಇರಲಿಲ್ಲ. ಯಾರೂ ಕಣ್ಣಾರೆ ನೋಡದ ವಸ್ತುವಿನ ದಪ್ಪವನ್ನು ಕರೆಂಟಿನಿಂದ ಅಳೆದರು, ಅದೂ ಕೆಲವೇ ಅಣುಗಳಷ್ಟು ದಪ್ಪ!

ಅವತ್ತಿನ ಪ್ರಯೋಗಶಾಲೆಯ ಕೆಲಸದ ದೊಡ್ಡ ಪಾಲನ್ನು ಈಗ ಉಗುರಿನಷ್ಟು ಚಿಪ್ ಮಾಡುತ್ತದೆ. ನಾನು ಬಳಸಿದ್ದು ಎಡಿ5933. ಅದು ತಾನೇ ಸೈನ್ ತರಂಗ ಹುಟ್ಟಿಸುತ್ತದೆ, ಮರಳಿ ಬಂದದ್ದನ್ನು 1024 ಸಲ ಅಳೆಯುತ್ತದೆ. ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಅಳತೆಯ ವೇಗದಲ್ಲಿ ಇದಕ್ಕೆ ಹಿಡಿಯುವುದು ಸುಮಾರು 1 ಮಿಲಿಸೆಕೆಂಡ್. 1 ಕಿಲೋಹರ್ಟ್ಸ್ ತರಂಗದ ಒಂದು ಸುತ್ತಿಗೂ ಅಷ್ಟೇ ಸಮಯ ಬೇಕು. ಅದಕ್ಕಿಂತ ನಿಧಾನದ ತರಂಗ ಪೂರ್ತಿ ಸುತ್ತು ಮುಗಿಸುವ ಮೊದಲೇ ಅಳತೆ ಮುಗಿದುಹೋಗುತ್ತದೆ. ಚಿಪ್‌ನ ಕೆಳಮಿತಿ 1 ಕಿಲೋಹರ್ಟ್ಸ್ ಯಾಕೆ ಅಂತ ಗೊತ್ತಾಯ್ತಲ್ವಾ? ಆಮೇಲೆ ಆ ಅಳತೆಗಳನ್ನು ಸೈನ್ ಮತ್ತು ಕೊಸೈನ್ ಜೊತೆ ಗುಣಿಸಿ ಕೂಡುತ್ತದೆ. ಬೇರೆ ಫ್ರೀಕ್ವೆನ್ಸಿಯ ಗಲಾಟೆ ಹೆಚ್ಚಿನಂಶ ಅಲ್ಲೇ ಕಳೆದುಹೋಗುತ್ತದೆ. ಉಳಿದ ಎರಡು ಸಂಖ್ಯೆ ಎರಡು ತಂತಿಗಳ ಮೂಲಕ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರಿಗೆ ಬರುತ್ತವೆ. ಆದರೆ ಅವು ಅಡ್ಡಿಯ ಅಳತೆಯಾದ ಓಮ್‌ನಲ್ಲಿ ಇರುವುದಿಲ್ಲ. ಎಷ್ಟು ಓಮ್ ಎಂದು ಗೊತ್ತಿರುವ ರೆಸಿಸ್ಟರ್ ಒಂದನ್ನು ಮೊದಲು ಅಳೆದು, ಅದಕ್ಕೆ ಹೋಲಿಸಿ ಓಮ್ ಮಾಡಿಕೊಳ್ಳಬೇಕು.

ಕಷ್ಟ ಇರುವುದು ಚಿಪ್‌ನಲ್ಲಲ್ಲ, ಸೂಜಿಯ ತುದಿಯಲ್ಲಿ. ಮೊದಲ ದಿನ ಚುಚ್ಚಿದಾಗಲೆಲ್ಲ ನನಗೆ ಬೇರೆ ಬೇರೆ ಉತ್ತರ ಬಂತು. ಲೋಹ ಉಪ್ಪು ನೀರನ್ನು ಮುಟ್ಟುವ ಜಾಗದಲ್ಲಿ ಅದರದ್ದೇ ಒಂದು ಇಂಪೀಡೆನ್ಸ್ ಇರುತ್ತದೆ. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಅದು ಆಲೂಗಡ್ಡೆಯದ್ದನ್ನೇ ಮರೆಮಾಡಬಲ್ಲದು. ಮನುಷ್ಯರ ಒಣ ಚರ್ಮದ ಮೇಲಂತೂ ಈ ತೊಂದರೆ ಇನ್ನೂ ಜಾಸ್ತಿ. ಪರಿಹಾರ ನಾಲ್ಕು ಎಲೆಕ್ಟ್ರೋಡ್, ಅಂದರೆ ಈ ಸೂಜಿಯಂತೆ ಮುಟ್ಟಿಸುವ ನಾಲ್ಕು ಲೋಹದ ತುದಿ. ಹೊರಗಿನ ಎರಡರಿಂದ ಕರೆಂಟು ಹರಿಸಿ, ಒಳಗಿನ ಎರಡರಿಂದ ವೋಲ್ಟೇಜ್ ಓದುವುದು. ಓದುವ ಎರಡರಲ್ಲಿ ಕರೆಂಟು ಹರಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಅವುಗಳ ತುದಿಯ ಅಡ್ಡಿ ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ಚಿಪ್ ಸುತ್ತ ಒಂದೆರಡು ಆಂಪ್ಲಿಫೈಯರ್ ಸೇರಿಸಬೇಕು. ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ ಕರೆಂಟು ಒಳಗೆ ಹೋಗದಂತೆ ಕೆಪಾಸಿಟರ್ ಕೂಡ ಬೇಕು. ಒಂದು ಮಾತು: ಮನೆಯಲ್ಲಿ ಕಟ್ಟಿದ ಬೋರ್ಡನ್ನು ಆಲೂಗಡ್ಡೆಗೆ ಮಾತ್ರ ಬಳಸಿ. ಅದನ್ನು ಮೈಗೆ ಅಂಟಿಸಿಕೊಳ್ಳಬೇಡಿ.

ಮೈಯಲ್ಲಿ ಎಷ್ಟು ಕೊಬ್ಬಿದೆ ಅಂತ ತೋರಿಸುವ ತೂಕದ ಯಂತ್ರದಲ್ಲೂ ಇದೇ ನಾಲ್ಕು ಎಲೆಕ್ಟ್ರೋಡ್ ಇವೆ. ಪಾದದ ಕೆಳಗಿನ ಲೋಹದ ಪಟ್ಟಿಗಳೇ ಅವು. ಫ್ರೀಕ್ವೆನ್ಸಿ ಸಾಮಾನ್ಯವಾಗಿ 50 ಕಿಲೋಹರ್ಟ್ಸ್. ಸ್ನಾಯುವಿನಲ್ಲಿ ನೀರು ಜಾಸ್ತಿ, ಕೊಬ್ಬಿನಲ್ಲಿ ಕಡಿಮೆ ಎಂಬುದು ಅದರ ಆಧಾರ. ಆದರೆ ಕರೆಂಟು ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಎದೆ, ತೋಳು ಅದರ ದಾರಿಯಲ್ಲೇ ಇಲ್ಲ. ಯಂತ್ರ ನಿಜವಾಗಿ ಅಳೆದದ್ದು ಕಾಲುಗಳ ಇಂಪೀಡೆನ್ಸ್. ಉಳಿದದ್ದು ಎತ್ತರ, ತೂಕ, ವಯಸ್ಸು ಸೇರಿಸಿದ ಸೂತ್ರದ ಅಂದಾಜು. ಒಂದು ಜನಸಮುದಾಯವನ್ನು ಅಳೆದು ಮಾಡಿದ ಸೂತ್ರ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ. ಅದೇ ತೂಕ, ಎತ್ತರದ ಯುರೋಪಿನವರಿಗಿಂತ ಭಾರತೀಯರ ಮೈಯಲ್ಲಿ ಕೊಬ್ಬು ಸಾಮಾನ್ಯವಾಗಿ ಹೆಚ್ಚು. ಬೆಳಿಗ್ಗೆ ನಿಂತರೆ ಒಂದು ಸಂಖ್ಯೆ, ಎರಡು ಲೋಟ ನೀರು ಕುಡಿದು ನಿಂತರೆ ಇನ್ನೊಂದು. ಆ ಶೇಕಡಾವಾರಿನ ದಶಮಾಂಶ ನೋಡಿ ಯಾರೂ ಕೊರಗಬಾರದು ಅಂತ ನನ್ನ ಆಸೆ. ಪೇಸ್‌ಮೇಕರ್ ಇರುವವರು ಈ ಯಂತ್ರ ಹತ್ತಲೇಬಾರದು, ತಯಾರಕರೇ ಹಾಗೆ ಎಚ್ಚರಿಸುತ್ತಾರೆ.

ನನಗೆ ಹೆಚ್ಚು ಭರವಸೆ ಇರುವುದು ಆಸ್ಪತ್ರೆಯ ಮಂಚದ ಪಕ್ಕದ ಮಾನಿಟರ್ ಮೇಲೆ. ಇಸಿಜಿಗೆಂದು ಎದೆಗೆ ಅಂಟಿಸಿದ ಎಲೆಕ್ಟ್ರೋಡ್‌ಗಳಲ್ಲೇ ಅದು ಹೆಚ್ಚು ಫ್ರೀಕ್ವೆನ್ಸಿಯ ಸಣ್ಣ ಕರೆಂಟನ್ನೂ ಹರಿಸುತ್ತದೆ. ಉಸಿರು ಎಳೆದರೆ ಶ್ವಾಸಕೋಶದಲ್ಲಿ ಗಾಳಿ ತುಂಬಿ ಇಂಪೀಡೆನ್ಸ್ ಸ್ವಲ್ಪ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇಲ್ಲಿ ಒಟ್ಟು ಎಷ್ಟು ಓಮ್ ಎಂಬುದು ಮುಖ್ಯವಲ್ಲ, ಏರಿಳಿತ ಎಣಿಸಿದರೆ ಸಾಕು. ರೋಗಿ ಹೊರಳಿದರೆ ಲೆಕ್ಕ ತಪ್ಪುವುದುಂಟು. ಆದರೂ ಪರದೆಯಲ್ಲಿ ಇಸಿಜಿ ಗೆರೆಯ ಕೆಳಗೆ ನಿಧಾನವಾಗಿ ಏರಿ ಇಳಿಯುವ ಇನ್ನೊಂದು ಗೆರೆ ಇರುತ್ತದೆ ನೋಡಿ, ಹೆಚ್ಚಿನ ಮಾನಿಟರುಗಳಲ್ಲಿ ಅದು ಹೀಗೆ ಅಳೆದ ಉಸಿರು.