‘ಗುಡ್’ ಬೋರ್ಡ್ ಇದ್ದ ಮೇಲೂ ಕೌನ್ಸಿಲ್‌ನವರು ಯಾಕೆ ಬರ್ತಾರೆ?

ಕೌನ್ಸಿಲ್ ಅಂದ್ರೆ ಅಲ್ಲಿನ ಸ್ಥಳೀಯ ಆಡಳಿತ. ಅದರ ಕ್ವಾಲಿಟಿ ಟೀಮ್‌ನಲ್ಲಿರುವ ನಾನು ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳುವವರು ಇಂಗ್ಲೆಂಡಿನ ಕೇರ್ ಹೋಮ್‌ಗಳಲ್ಲಿ, ಅಂದ್ರೆ ವಯಸ್ಸಾದವರನ್ನೂ ಆರೈಕೆ ಬೇಕಾದವರನ್ನೂ ನೋಡಿಕೊಳ್ಳುವ ಮನೆಗಳಲ್ಲಿ, ದುಡಿಯುವ ನಮ್ಮವರೇ. ಈ ಹೋಮ್‌ಗಳನ್ನು ತಪಾಸಣೆ ಮಾಡಿ ‘ಗುಡ್’ನಂಥ ದರ್ಜೆ (ರೇಟಿಂಗ್) ಕೊಡುವ ಸಂಸ್ಥೆ ಸಿಕ್ಯೂಸಿ, ಆ ದರ್ಜೆಯನ್ನು ಹೋಮ್ ಬೋರ್ಡಿನಲ್ಲಿ ಹಾಕುತ್ತದೆ. “ನಮ್ಮ ಹೋಮ್‌ಗೆ ಸಿಕ್ಯೂಸಿ ‘ಗುಡ್’ ಕೊಟ್ಟಿದೆ. ಆದ್ರೂ ಕೌನ್ಸಿಲ್‌ನ ಕ್ವಾಲಿಟಿ ಟೀಮ್ ಬಂದು ಫೈಲ್ ಕೆದಕುತ್ತದಲ್ಲ, ಯಾಕೆ?”

ಯಾಕಂದ್ರೆ ಅಲ್ಲಿರುವ ಎಷ್ಟೋ ಜನರ ಫೀಸು ಕಟ್ಟುವುದು ಕೌನ್ಸಿಲ್. ಅದೂ ಅಲ್ಲದೆ, ಕೌನ್ಸಿಲ್‌ಗಳು ತಮ್ಮ ಊರಲ್ಲಿ ಒಳ್ಳೆಯ ಸೇವೆ ಸಿಗುವಂತೆ ನೋಡಿಕೊಳ್ಳಬೇಕು ಎಂದು 2014ರ ಕೇರ್ ಆಕ್ಟ್ ಹೇಳುತ್ತದೆ.

ಇಷ್ಟಕ್ಕೆ ಮುಗಿಯಬೇಕು. ಮುಗಿಯಲ್ಲ. “ಗುಡ್ ಅಂದ್ರೆ ಗುಡ್ ತಾನೇ ಸಾರ್?”

ಅಲ್ಲಪ್ಪಾ, ಅಲ್ಲ! ಇನ್ಸ್‌ಪೆಕ್ಟರ್ ಬಂದ ದಿನ ಗುಡ್. ಬೋರ್ಡಿನಲ್ಲಿ ಆ ತಾರೀಕು ಇರುತ್ತದೆ, ಓದುವವರಿಲ್ಲ. ಎಷ್ಟೋ ಕಡೆ ಅದು ಮೂರು, ನಾಲ್ಕು ವರ್ಷ ಹಳೆಯದು. ಲಾರಿಯ ಎಫ್‌ಸಿಗಾದರೂ ಕೊನೆಯ ದಿನ ಅಂತ ಒಂದಿದೆ. ರೇಟಿಂಗ್‌ಗೆ ಅದೂ ಇಲ್ಲ. ಸಿಕ್ಯೂಸಿ ಮತ್ತೆ ಬಂದು ಬದಲಿಸುವವರೆಗೆ ಅದೇ ನಡೆಯುತ್ತದೆ. ಅಷ್ಟರಲ್ಲಿ ಮ್ಯಾನೇಜರ್ ಬಿಟ್ಟು ಹೋಗಿರಬಹುದು, ರಾತ್ರಿ ಪಾಳಿ ಪೂರ್ತಿ ಏಜೆನ್ಸಿ ಕಳಿಸುವ ತಾತ್ಕಾಲಿಕ ಕೆಲಸದವರ ಕೈಗೆ ಬಿದ್ದಿರಬಹುದು. ಇನ್ನೂ ಒಂದು ಮಾತು: ರೇಟಿಂಗ್ ಸಿಗುವುದು ಆ ಒಂದು ಹೋಮ್‌ಗೆ. ಅದೇ ಕಂಪನಿಯ ಪಕ್ಕದೂರಿನ ಹೋಮ್‌ಗೆ ಅದು ಅನ್ವಯಿಸಲ್ಲ.

ನಾನೇ ನೋಡಿದ್ದು ಹೇಳ್ತೀನಿ. ಬಾಗಿಲಲ್ಲಿ ‘ಗುಡ್’ ಇದ್ದ ಹೋಮ್. ಮಧ್ಯಾಹ್ನ 3 ಗಂಟೆ. ಒಬ್ಬ ಅಜ್ಜಿ ಎಷ್ಟು ನೀರು ಕುಡಿದರು ಎಂದು ಬರೆಯುವ ಚಾರ್ಟ್ ತೆಗೆದೆ. ಗಂಟೆಗೊಮ್ಮೆ 150 ಎಂಎಲ್, ಒಂದೇ ಪೆನ್ನು, ಒಂದೇ ಕೈಬರಹ. ಸಂಜೆ 6 ಗಂಟೆಯವರೆಗೂ ತುಂಬಿಸಿ ಆಗಿತ್ತು! ಅಜ್ಜಿಯ ಟೀ ಮಾತ್ರ ಕೈಗೆ ಎಟುಕದ ಮೇಜಿನ ಮೇಲೆ ಕೆನೆ ಕಟ್ಟಿ ಕೂತಿತ್ತು. ಬರೆದ ಹುಡುಗಿಯನ್ನು ಬೈಯಲು ಮನಸ್ಸಾಗಲಿಲ್ಲ. ಆ ಮಹಡಿಗೆಲ್ಲ ಅವತ್ತು ಇದ್ದವರು ಇಬ್ಬರೇ. ನಾವು ಹುಡುಕುವುದು ಇದನ್ನೇ. ಆಮೇಲೆ ಮ್ಯಾನೇಜರ್ ಜೊತೆ ಕೂತು, ಏನು ಸರಿಯಾಗಬೇಕು, ಯಾವ ತಾರೀಕಿನೊಳಗೆ ಅಂತ ಬರೆದುಕೊಳ್ಳುತ್ತೇವೆ. ಆ ತಾರೀಕಿಗೆ ಮತ್ತೆ ಹೋಗುತ್ತೇವೆ, ಕೆಲವು ಸಲ ಹೇಳದೆ.

“ನಮ್ಮಲ್ಲಿರುವವರೆಲ್ಲ ಸ್ವಂತ ದುಡ್ಡು ಕಟ್ಟುವವರು” ಅಂತ ಕೆಲವರ ತಕರಾರು. ಹಿಂಸೆಯೋ ನಿರ್ಲಕ್ಷ್ಯವೋ ಆಗಿದೆ ಅನ್ನಿಸಿದರೆ ಕೇರ್ ಆಕ್ಟ್‌ನ 42ನೇ ಸೆಕ್ಷನ್ ಪ್ರಕಾರ ಕೌನ್ಸಿಲ್ ವಿಚಾರಣೆ ಮಾಡಲೇಬೇಕು. ದುಡ್ಡು ಯಾರದು ಅಂತ ಅಲ್ಲಿ ಯಾರೂ ಕೇಳಲ್ಲ.

ಹಾಗಾದರೆ ಕೌನ್ಸಿಲನ್ನು ನೋಡುವವರು ಯಾರು? ಇದನ್ನು ಯಾರೂ ಕೇಳಿಲ್ಲ, ನನಗೇ ಹೇಳಬೇಕು ಅನ್ನಿಸಿತು. ಹತ್ತು ವರ್ಷಕ್ಕೂ ಜಾಸ್ತಿ ಕಾಲ ತಪ್ಪದೆ ಬಂದು ನೋಡುವವರೇ ಇರಲಿಲ್ಲ. 2022ರ ಹೊಸ ಕಾಯಿದೆಯಿಂದ ಆ ಕೆಲಸ ಸಿಕ್ಯೂಸಿಗೆ ಬಂತು, 2023ರ ಏಪ್ರಿಲ್‌ನಿಂದ ಜಾರಿ. ಈಗ ಕೌನ್ಸಿಲ್‌ಗೂ ಅದೇ ನಾಲ್ಕು ದರ್ಜೆ: ಔಟ್‌ಸ್ಟ್ಯಾಂಡಿಂಗ್, ಗುಡ್, ರಿಕ್ವೈರ್ಸ್ ಇಂಪ್ರೂವ್‌ಮೆಂಟ್, ಇನ್‌ಅಡಿಕ್ವೇಟ್. ನಮ್ಮ ಸರದಿ ಬಂದಾಗ ಆಫೀಸಿನಲ್ಲಿ ಫೈಲ್ ಜೋಡಿಸುವ ಗಡಿಬಿಡಿ ನೋಡಬೇಕಿತ್ತು. ಆ ವಾರ ಒಂದು ಹೋಮ್‌ಗೆ ಹೋದರೆ ಮ್ಯಾನೇಜರಮ್ಮ ಟೀ ತಂದಿಟ್ಟು, “ಹೇಗಿದೆ ಅನುಭವ?” ಅಂದರು.