ಡಿಕೋಡರ್‌ಗೆ ಮೋಟರೇ ಬಾಯಿ

ಮಾದರಿ ರೈಲಿನ ಎಂಜಿನ್ನನ್ನು ಪ್ರೋಗ್ರಾಮಿಂಗ್ ಹಳಿಯ (ಎಂಜಿನ್ನಿನ ಸೆಟ್ಟಿಂಗ್ ಓದಿ ಬರೆಯಲೆಂದೇ ಇರುವ ಹಳಿತುಂಡು) ಮೇಲಿಟ್ಟು ವಿಳಾಸ, ಅಂದರೆ ಅದನ್ನು ಕರೆಯುವ ಸಂಖ್ಯೆ, ಓದಲು ಹೋದರೆ ಪರದೆಯಲ್ಲಿ ‘ಉತ್ತರವಿಲ್ಲ’ ಎಂದು ಬರುತ್ತದೆ. ಎಂಜಿನ್ನಿನೊಳಗೆ ಆಜ್ಞೆ ಕೇಳಿ ಮೋಟರ್ ನಡೆಸುವ ಪುಟ್ಟ ಸರ್ಕ್ಯೂಟ್, ಅಂದರೆ ಡಿಕೋಡರ್, ಸುಟ್ಟುಹೋಯಿತು ಎಂದು ಹೊಸಬರು ಅಲ್ಲೇ ಕೈಚೆಲ್ಲುತ್ತಾರೆ. ಬಹುತೇಕ ಸಲ ಅದು ಸುಟ್ಟಿರುವುದಿಲ್ಲ, ಬಾಯಿ ಬಿಡಲು ಆಗುತ್ತಿರುವುದಿಲ್ಲ ಅಷ್ಟೇ.

ಪ್ರೋಗ್ರಾಮಿಂಗ್ ಹಳಿಯಲ್ಲಿ ಡಿಸಿಸಿ (ಹಳಿಯ ಮೂಲಕ ಡಿಜಿಟಲ್ ಆಜ್ಞೆ ಕಳಿಸುವ ಪದ್ಧತಿ) ಸಂಕೇತ ಹರಿಯುವುದು ಆಜ್ಞೆ ಹೊರಡಿಸುವ ಪೆಟ್ಟಿಗೆಯಾದ ಕಮಾಂಡ್ ಸ್ಟೇಷನ್ನಿನಿಂದ ಎಂಜಿನ್ ಕಡೆಗೆ ಮಾತ್ರ. ತಿರುಗಿ ಹೇಳಲು ಡಿಕೋಡರ್‌ಗೆ ಇರುವ ದಾರಿ ಒಂದೇ: ಮೋಟರಿಗೆ ಕ್ಷಣಕಾಲ ಕರೆಂಟ್ ಬಿಡುವುದು. ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಸಂಘ) ಮಾನದಂಡದಂತೆ ಕನಿಷ್ಠ 60 ಮಿಲಿಆಂಪಿಯರ್, ಸುಮಾರು 6 ಮಿಲಿಸೆಕೆಂಡ್. ಆ ಏರಿಕೆಯನ್ನು ಸ್ಟೇಷನ್ ಗಮನಿಸಿದರೆ ಅದು ‘ಹೌದು’. ಗಮನಿಸದಿದ್ದರೆ ‘ಅಲ್ಲ’. ಸಿವಿ (ಡಿಕೋಡರ್ ನೆನಪಿನಲ್ಲಿ ಒಂದೊಂದು ಸೆಟ್ಟಿಂಗ್ ಕೂರುವ, ಸಂಖ್ಯೆಯಿಟ್ಟ ಗೂಡು) ಒಂದನ್ನು ಓದುವುದೆಂದರೆ ಎಂಟು ಬಿಟ್‌ಗಳಿಗೆ ಎಂಟು ಪ್ರಶ್ನೆ, ಕೊನೆಗೆ ‘ಹಾಗಾದರೆ ಬೆಲೆ 3 ತಾನೆ?’ ಎಂಬ ಒಂಬತ್ತನೆಯದು. ಓದುವಾಗ ಎಂಜಿನ್ ಟಕ್ ಟಕ್ ಎಂದು ಕೂದಲೆಳೆಯಷ್ಟು ಜರುಗುವುದು ಇದಕ್ಕೇ. ಎಲ್ಲ ಸಿವಿಗಳನ್ನೂ ಒಟ್ಟಿಗೆ ಓದಿಸುವಾಗ ಅದು ತೆವಳುತ್ತಾ ತೆವಳುತ್ತಾ ಹಳಿಯ ತುದಿ ದಾಟಿ ಬೀಳಬಹುದು, ಅಡ್ಡಕ್ಕೆ ಏನಾದರೂ ಇಟ್ಟಿರಿ.

ಮೌನವೂ ಇಲ್ಲಿ ಒಂದು ಉತ್ತರ ಎಂಬುದು ಮನಸ್ಸಿಗೆ ಬಂದರೆ ಅರ್ಧ ದೋಷಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಚಕ್ರಕ್ಕೆ ಮೆತ್ತಿದ ಕಪ್ಪು ಕೊಳೆ ಒಂದು ‘ಹೌದು’ವನ್ನು ನುಂಗಿದರೆ ಸಾಕು, ಒಂಬತ್ತನೆಯ ಪ್ರಶ್ನೆ ತಾಳೆಯಾಗದೆ ಓದು ಮುರಿಯುತ್ತದೆ. ಆದ್ದರಿಂದ ಮೊದಲ ಮದ್ದು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿಬಟ್ಟೆ. ಎರಡನೆಯದು ಮೋಟರ್ ತಂತಿಗಳ ಪರೀಕ್ಷೆ. ಕಿತ್ತಳೆ ಅಥವಾ ಬೂದು ತಂತಿ ಬಿಟ್ಟುಹೋಗಿದ್ದರೆ ಡಿಕೋಡರ್ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ, ಹೇಳಲು ಮಾತ್ರ ಆಗದು. ಡಿಕೋಡರನ್ನು ಎಂಜಿನ್‌ಗೆ ಹಾಕುವ ಮುಂಚೆ ಮೇಜಿನ ಮೇಲೇ ನೋಡಬೇಕೆಂದರೆ ಆ ಎರಡು ತಂತಿಗಳ ನಡುವೆ 100 ಓಮ್ ರೆಸಿಸ್ಟರ್ ಸೇರಿಸಿ. ಆದರೆ ಅದನ್ನು ಹಾಗೆಯೇ ರೈಲು ಓಡಿಸುವ ಮುಖ್ಯ ಹಳಿಗೆ ಒಯ್ದು ಥ್ರಾಟಲ್ (ವೇಗದ ಗುಂಡಿ) ತಿರುಗಿಸಬೇಡಿ, ರೆಸಿಸ್ಟರ್ ಹೊಗೆಯಾಡುತ್ತದೆ.

ಸೌಂಡ್ ಡಿಕೋಡರ್‌ನ ತೊಂದರೆ ಬೇರೆ. ಅದರ ಜತೆಗಿರುವ ದೊಡ್ಡ ಕೆಪಾಸಿಟರ್ ತುಂಬಿಕೊಳ್ಳಲು ಎಳೆಯುವ ಕರೆಂಟ್ ಪ್ರೋಗ್ರಾಮಿಂಗ್ ಹಳಿಯ ಮಿತಿಯನ್ನೇ ಮೀರುತ್ತದೆ. ಆ ಮಿತಿ ಸಾಮಾನ್ಯವಾಗಿ 250 ಮಿಲಿಆಂಪಿಯರ್. ಸ್ಟೇಷನ್ ಅದನ್ನು ಶಾರ್ಟ್ ಎಂದು ತಿಳಿಯುತ್ತದೆ, ಇಲ್ಲವೇ ಆ ಗದ್ದಲದಲ್ಲಿ 60 ಮಿಲಿಆಂಪಿಯರ್‌ನ ಪಿಸುಮಾತು ಕೇಳಿಸುವುದಿಲ್ಲ. ಕೋರ್‌ಲೆಸ್ (ಒಳಗೆ ಕಬ್ಬಿಣದ ತಿರುಳಿಲ್ಲದ) ಮೋಟರ್ ಇರುವ ಎಂಜಿನ್‌ಗಳಲ್ಲಿ ಮೋಟರೇ ಅಷ್ಟು ಕರೆಂಟ್ ಎಳೆಯದಿರಬಹುದು. ಇಂಥ ಸಂದರ್ಭದಲ್ಲಿ ಬರೆಯುವಾಗ ‘ದೋಷ’ ಎಂದು ಬಂದರೂ ಬೆಲೆ ಒಳಗೆ ಕೂತಿರುವ ಸಾಧ್ಯತೆಯಿದೆ. ಹೊಸ ವಿಳಾಸಕ್ಕೆ ಕರೆದು ನೋಡಿ, ಆಮೇಲೆ ಬೈಯಿರಿ.

ಮುಖ್ಯ ಹಳಿಯ ಮೇಲೆಯೇ ಬರೆಯುವ ಕ್ರಮವೂ ಇದೆ. ಅಲ್ಲಿ ಆಜ್ಞೆ ಒಂದು ವಿಳಾಸಕ್ಕೆ ಮಾತ್ರ ಹೋಗುತ್ತದೆ. ರೈಲ್‌ಕಾಮ್ (ಡಿಕೋಡರ್ ಹಳಿಯ ಮೂಲಕ ತಿರುಗಿ ಉತ್ತರಿಸುವ ವ್ಯವಸ್ಥೆ) ಇಲ್ಲದಿದ್ದರೆ ಬೆಲೆಯನ್ನು ತಿರುಗಿ ಓದಲಾಗದು. ಓಡುತ್ತಿರುವಾಗಲೇ ವೇಗದ ಸಿವಿಗಳನ್ನು ತಿದ್ದಲು ಇದಕ್ಕಿಂತ ಸುಖ ಇಲ್ಲ. ಪ್ರೋಗ್ರಾಮಿಂಗ್ ಹಳಿಯಲ್ಲಾದರೋ ವಿಳಾಸ ಎಂಬುದೇ ಇಲ್ಲ. ಅಲ್ಲಿ ನಿಂತಿರುವ ಎಲ್ಲ ಎಂಜಿನ್‌ಗಳೂ ಅದೇ ಬೆಲೆ ಬರೆದುಕೊಳ್ಳುತ್ತವೆ. ಆ ಹಳಿಯನ್ನು ಲೇಔಟ್‌ನಿಂದ (ಉಳಿದ ಹಳಿಜಾಲ) ಎರಡೂ ಕಂಬಿಗಳಿಗೆ ಗ್ಯಾಪ್ ಕೊಟ್ಟು ಬೇರ್ಪಡಿಸದೆ ಒಂದು ಸಿವಿ ಬರೆದು, ಶೆಡ್‌ನಲ್ಲಿದ್ದ ಅಷ್ಟೂ ಎಂಜಿನ್‌ಗಳಿಗೆ ಒಂದೇ ಸಂಖ್ಯೆ ಅಂಟಿಸಿಕೊಳ್ಳುವುದು ಈ ಹವ್ಯಾಸದ ಹಳೇ ಅವಘಡ.

ಇನ್ನು ವಿಳಾಸ. ಹೊಸ ಡಿಕೋಡರ್ ಸಿವಿ 1ರಲ್ಲಿ 3 ಹೊತ್ತು ಬರುತ್ತದೆ. ಅಲ್ಲಿ 127ರ ತನಕ ಮಾತ್ರ ಜಾಗ. ಉದ್ದ ವಿಳಾಸ ಸಿವಿ 17 ಮತ್ತು 18ರಲ್ಲಿ ಹಂಚಿಹೋಗುತ್ತದೆ, ಗರಿಷ್ಠ 10239. ಭಾರತೀಯ ರೈಲ್ವೆಯ ಐದಂಕಿಯ ಸಂಖ್ಯೆಗಳು ಹೆಚ್ಚಾಗಿ ಇದರೊಳಗೆ ಹಿಡಿಸುವುದಿಲ್ಲ. ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ನಿನ ಮಾದರಿಯ ಮೇಲೆ 12007 ಎಂದು ಬರೆದಿದ್ದರೆ ಕೊನೆಯ ನಾಲ್ಕು ಅಂಕಿ, 2007 ತೆಗೆದುಕೊಳ್ಳಿ. 256ರಿಂದ ಭಾಗಿಸಿದರೆ ಭಾಗಲಬ್ಧ 7, ಶೇಷ 215. ಭಾಗಲಬ್ಧಕ್ಕೆ 192 ಕೂಡಿಸಿ ಸಿವಿ 17ಕ್ಕೆ 199, ಸಿವಿ 18ಕ್ಕೆ 215. ಇಷ್ಟು ಬರೆದು ಸಿವಿ 29 ಮುಟ್ಟದೇ ಬಿಟ್ಟರೆ ಎಂಜಿನ್ ಇನ್ನೂ 3ಕ್ಕೇ ಓಗೊಡುತ್ತದೆ.

ಸಿವಿ 29 ಒಂದು ಸ್ವಿಚ್ ಬೋರ್ಡು. ದಿಕ್ಕು ತಿರುಗಿಸಲು 1, 28 ಅಥವಾ 128 ವೇಗದ ಮೆಟ್ಟಿಲಿಗೆ (ವೇಗವನ್ನು ಹಂಚಿದ ಹಂತಗಳು) 2, ಡಿಸಿ (ಡಿಜಿಟಲ್ ಅಲ್ಲದ ಹಳೆಯ ನೇರ ಕರೆಂಟಿನ) ಹಳಿಯಲ್ಲೂ ಓಡಲು 4, ರೈಲ್‌ಕಾಮ್‌ಗೆ 8, ಮೆಟ್ಟಿಲಿಗೊಂದು ವೇಗ ನಾವೇ ಬರೆದಿಡುವ ವೇಗದ ಪಟ್ಟಿಗೆ 16, ಉದ್ದ ವಿಳಾಸಕ್ಕೆ 32. ಬೇಕಾದ್ದನ್ನು ಕೂಡಿಸಿ ಬರೆಯುವುದು. ಹಲವು ಡಿಕೋಡರ್‌ಗಳಲ್ಲಿ ಕಾರ್ಖಾನೆಯ ಬೆಲೆ 6. ಉದ್ದ ವಿಳಾಸ ಸೇರಿದರೆ 38. ಅದರಿಂದ 4 ಕಳೆದು 34 ಬರೆಯುವುದೇ ನಮ್ಮ ಸಲಹೆ. ಹಳಿಯಲ್ಲಿ ಸಂಕೇತ ಕೆಟ್ಟಾಗ ಡಿಕೋಡರ್ ಅದನ್ನು ಡಿಸಿ ಎಂದು ತಪ್ಪು ತಿಳಿದು ಎಂಜಿನ್ನನ್ನು ಪೂರ್ಣ ವೇಗದಲ್ಲಿ ಓಡಿಸಿಬಿಡುವುದು ಹೊಸದಲ್ಲ. ಯಾರದೋ ಪಟ್ಟಿ ನೋಡಿ 34 ಎಂದು ಕಣ್ಮುಚ್ಚಿ ಬರೆಯಬೇಡಿ, ಇದ್ದದ್ದನ್ನು ಮೊದಲು ಓದಿ, ಆಮೇಲೆ ಕೂಡಿಸಿ ಕಳೆಯಿರಿ.

ವೇಗ ಏರಿಸಿದಂತೆ ಹೆಡ್‌ಲೈಟ್ ಹತ್ತಿ ಆರಿ ಮಾಡಿದರೆ ಬಲ್ಬ್ ಬದಲಿಸಲು ಹೋಗಬೇಡಿ: ಸ್ಟೇಷನ್ 28 ಮೆಟ್ಟಿಲಲ್ಲಿದೆ, ಡಿಕೋಡರ್ 14ರಲ್ಲಿದೆ. ಎಂಜಿನ್ ಹಿಂದುಮುಂದಾಗಿ ಓಡುತ್ತಾ ದೀಪವೂ ಅದರ ಜತೆಗೇ ತಪ್ಪಾಗಿ ಹತ್ತಿದರೆ ಸಿವಿ 29ಕ್ಕೆ 1 ಕೂಡಿಸಿ. ದೀಪ ಸರಿಯಿದ್ದು ಓಟ ಮಾತ್ರ ತಿರುಗಾಮುರುಗಾ ಆದರೆ ಕಿತ್ತಳೆ, ಬೂದು ತಂತಿಗಳನ್ನು ಅದಲುಬದಲು ಮಾಡಬೇಕು. ಎಂಟು ಪಿನ್ನಿನ ಪ್ಲಗ್ ತಲೆಕೆಳಗಾದಾಗ ಎಂಜಿನ್ ಉಲ್ಟಾ ಓಡುತ್ತದೆ, ದೀಪ ಹತ್ತುವುದೇ ಇಲ್ಲ. ತೆಗೆದು ತಿರುಗಿಸಿ ಚುಚ್ಚಿದರೆ ಮುಗಿಯಿತು.

ಡಿಕೋಡರ್ ನಿಜಕ್ಕೂ ಸುಡುವುದು ಬೇರೆ ಕಡೆ. ಹಳೆಯ ಡಿಸಿ ಎಂಜಿನ್‌ಗಳಲ್ಲಿ ಮೋಟರಿನ ಒಂದು ಬ್ರಷ್ (ಒಳಗೆ ಕರೆಂಟ್ ಮುಟ್ಟಿಸುವ ತುಂಡು) ನೇರ ಚಾಸಿಗೆ ತಾಗಿರುತ್ತದೆ. ಅದನ್ನು ಬೇರ್ಪಡಿಸದೆ ಡಿಕೋಡರ್ ಹಾಕಿದರೆ ಹಳಿಯ ವೋಲ್ಟೇಜ್ ಮೋಟರ್ ಔಟ್‌ಪುಟ್‌ಗೇ ನುಗ್ಗುತ್ತದೆ. ಡಿಕೋಡರ್ ಹಾಕುವ ಮುನ್ನ ಮಲ್ಟಿಮೀಟರನ್ನು ಬೀಪ್‌ನಲ್ಲಿಟ್ಟು ಎರಡೂ ಬ್ರಷ್‌ಗಳಿಂದ ಎರಡೂ ಕಡೆಯ ಚಕ್ರಗಳಿಗೆ, ಚಾಸಿಗೆ ಮುಟ್ಟಿಸಿ ನೋಡಿ. ಎಲ್ಲೂ ಸದ್ದು ಬರಬಾರದು. ಹೊಸ ಜೋಡಣೆಯನ್ನು ಪ್ರೋಗ್ರಾಮಿಂಗ್ ಹಳಿಯಲ್ಲೇ ಮೊದಲು ಇಡಲು ಕಾರಣವೂ ಇದೇ. ಕರೆಂಟ್ ಮಿತಿ ಅಲ್ಲಿ ತಪ್ಪಿಗೆ ಮಾಫಿ ಕೊಡುತ್ತದೆ.

ಚಲನೆ ಒರಟಾಗಿದ್ದರೆ ಜರ್ಮನಿಯ ಇಎಸ್‌ಯು ಕಂಪನಿಯ ಇತ್ತೀಚಿನ ಡಿಕೋಡರ್‌ಗಳಲ್ಲಿ ಸಿವಿ 54ಕ್ಕೆ 0 ಬರೆದು, ಮುಖ್ಯ ಹಳಿಯಲ್ಲಿ ಎಫ್1 ಗುಂಡಿ ಒತ್ತಿ. ಎಂಜಿನ್ ಒಂದೆರಡು ಸೆಕೆಂಡ್ ಪೂರ್ತಿ ವೇಗದಲ್ಲಿ ಹಾರಿ, ಮೋಟರನ್ನು ತಾನೇ ಅಳೆದುಕೊಳ್ಳುತ್ತದೆ. ಎದುರಿಗೆ ಉದ್ದನೆಯ ನೇರ ಹಳಿ ಇರಲಿ.

ಓದುವಾಗ ಚೆನ್ನಾಗಿ ಉತ್ತರಿಸಿ, ಲೇಔಟ್‌ಗೆ ಬಂದರೆ ಕಲ್ಲಿನಂತೆ ಕೂರುವ ಎಂಜಿನ್ ಒಂದು ಇದ್ದೇ ಇರುತ್ತದೆ. ಅದರ ಸಿವಿ 19 ಓದಿ. ಹಿಂದೆಂದೋ ಜೋಡಿ ಎಂಜಿನ್ ಮಾಡಿದಾಗ ಬರೆದ ಸಂಖ್ಯೆ ಅಲ್ಲೇ ಉಳಿದು, ಅದು ಇನ್ನೂ ಆ ವಿಳಾಸದ ಕರೆಗೇ ಕಾಯುತ್ತಿರುತ್ತದೆ. 0 ಬರೆದರೆ ಹೊರಡುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ ರೀಸೆಟ್: ಸಿವಿ 8 ಓದಿದರೆ ತಯಾರಕರ ಸಂಖ್ಯೆ ಸಿಗುತ್ತದೆ, 151 ಇಎಸ್‌ಯು, 145 ಜಿಮೋ, 99 ಲೆನ್ಜ್. ಮೊದಲಿನ ಎರಡಕ್ಕೆ ಅದೇ ಸಿವಿ 8ರಲ್ಲಿ 8 ಬರೆಯಿರಿ, ಲೆನ್ಜ್‌ಗೆ 33. ವಿಳಾಸ ಮತ್ತೆ 3ಕ್ಕೆ ಬಂದಿರುತ್ತದೆ.