ಪದ ಪರಿಚಯ: ಮಾನವರಹಿತ

ಸೇನೆಯ ಡ್ರೋನ್ ಸುದ್ದಿ ಬಂದಾಗಲೆಲ್ಲ ‘ಮಾನವರಹಿತ ವಿಮಾನ’ ಎಂದು ಬರೆಯುತ್ತಾರೆ. ಅದರ ಬೆನ್ನಿಗೇ ‘ಇನ್ನು ಯುದ್ಧಕ್ಕೆ ಸೈನಿಕರೇ ಬೇಡ’ ಎಂಬ ಸಾಲೂ ಬರುತ್ತದೆ. ಕಳೆದ ವಾರ ಹಾಸನದ ಸಾಲಗಾಮೆ ರಸ್ತೆಯ ಟೀ ಅಂಗಡಿಯಲ್ಲಿ, ಸೇನಾ ಭರ್ತಿಗೆ ಓಡಿ ತಯಾರಾಗುತ್ತಿರುವ ಹುಡುಗನೊಬ್ಬ ಪೇಪರ್ ಮಡಚಿಟ್ಟು, ‘ಆಳೇ ಬೇಡದ ವಿಮಾನ ಬಂದ್ಮೇಲೆ ನಮ್ಮನ್ನ್ಯಾಕೆ ತಗೋತಾರಣ್ಣ?’ ಎಂದ. ಅದನ್ನು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

‘ರಹಿತ’ ಬಂದದ್ದು ‘ಬಿಡು, ಅಗಲು’ ಎಂಬರ್ಥದ ಸಂಸ್ಕೃತ ಧಾತು ‘ರಹ್’ನಿಂದ. ‘ವಿರಹ’, ‘ರಹಸ್ಯ’ ಅದೇ ಬಳ್ಳಿಯ ಕಾಯಿಗಳು. ವಿರಹದಲ್ಲಿ ಇನಿಯ ಜತೆಯಲ್ಲಿಲ್ಲ ಅಷ್ಟೇ, ಬೇರೆಲ್ಲೋ ಇದ್ದಾನೆ. ಇದ್ದಾನೆಂದೇ ಅದು ವಿರಹ. ‘ಮಾನವರಹಿತ’ವನ್ನೂ ಹಾಗೇ ಓದಬೇಕು. ರೈಲ್ವೆಯವರು ‘ಮಾನವರಹಿತ ಲೆವೆಲ್ ಕ್ರಾಸಿಂಗ್’ ಎಂದಾಗ ಗೇಟು ಕಾಯುವವರಿಲ್ಲ ಎಂದು ನಮಗೆ ಸರಿಯಾಗಿಯೇ ತಿಳಿಯುತ್ತಿತ್ತು. ಆ ದಾರಿಯಲ್ಲಿ ಜನರೇ ಓಡಾಡುವುದಿಲ್ಲ ಎಂದು ಯಾರೂ ಅಂದುಕೊಳ್ಳಲಿಲ್ಲ. ವಿಮಾನದ ಮಾತು ಬಂದಾಗ ಮಾತ್ರ ಏಕೆ ಎಡವುತ್ತೇವೋ!

ಅಮೆರಿಕದ ರೀಪರ್ ಡ್ರೋನನ್ನೇ ನೋಡಿ. ನೆವಾಡಾದ ಕ್ರೀಚ್ ವಾಯುನೆಲೆಯ ಕೋಣೆಯೊಂದರಲ್ಲಿ ಅಕ್ಕಪಕ್ಕ ಇಬ್ಬರು ಕೂರುತ್ತಾರೆ: ಹಾರಿಸುವ ಪೈಲಟ್, ಕ್ಯಾಮೆರಾ ಮತ್ತು ಲೇಸರ್ ನೋಡಿಕೊಳ್ಳುವ ಸೆನ್ಸರ್ ಆಪರೇಟರ್. ಉಪಗ್ರಹದ ಮೂಲಕ ಸಂಕೇತ ಹೋಗಿಬರುವಷ್ಟರಲ್ಲಿ ತಡವಾಗುತ್ತದೆಂದು, ಏರಿಸಲು ಇಳಿಸಲು ರನ್‌ವೇ ಹತ್ತಿರ ಬೇರೆಯದೇ ತಂಡವನ್ನು ಬಹುಕಾಲ ಇಟ್ಟಿದ್ದರು. ಹಗಲಿರುಳು ಒಂದೇ ಜಾಗದ ಮೇಲೆ ಕಣ್ಣಿಡಬೇಕಾದರೆ ಪಾಳಿ ಬದಲಾಗಲೇಬೇಕು. ಅಂಥ ಒಂದೊಂದು ನಿರಂತರ ಗಸ್ತಿಗೆ 10 ಪೈಲಟ್‌ಗಳಾದರೂ ಇರಬೇಕೆಂಬುದು ಅಲ್ಲಿನ ವಾಯುಪಡೆ ಹಾಕಿಕೊಂಡ ಲೆಕ್ಕ. ಅಷ್ಟು ಜನ ಸಿಗಲಿಲ್ಲ. ಸಿಕ್ಕವರೂ ದಣಿದು ಬಿಟ್ಟು ಹೋಗತೊಡಗಿದರು. ಅವರನ್ನು ಉಳಿಸಿಕೊಳ್ಳಲು 2016ರಲ್ಲಿ ವರ್ಷಕ್ಕೆ 35,000 ಡಾಲರ್‌ವರೆಗೆ ಬೋನಸ್ ಕೊಡಲು ಮುಂದಾದರು. ಆ ವಾಯುಪಡೆ ‘ಮಾನವರಹಿತ’ವನ್ನು ಬದಿಗಿಟ್ಟು ‘ದೂರದಿಂದ ಪೈಲಟ್ ನಡೆಸುವ ವಿಮಾನ’ ಎಂಬರ್ಥದ ಹೆಸರು ಬಳಸುವುದೂ ಪೈಲಟ್ ಇದ್ದಾನೆ ಎಂದು ಒತ್ತಿ ಹೇಳಲಿಕ್ಕೇ.

ಹಾಸನದವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅದೇ ಸಾಲಗಾಮೆ ರಸ್ತೆಯ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲಿ ಕೂತು ಇಸ್ರೋದವರು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು 1982ರಿಂದ ನಡೆಸುತ್ತಿದ್ದಾರೆ. ಉಪಗ್ರಹದಲ್ಲಿ ನರಪಿಳ್ಳೆಯಿಲ್ಲ, ಇಲ್ಲಿ ಮಾತ್ರ ರಾತ್ರಿ ಪಾಳಿಯೂ ತಪ್ಪಿದ್ದಲ್ಲ.

‘ಡ್ರೋನ್ ಪೈಲಟ್’ ಎಂಬುದರಲ್ಲೂ ಗೊಂದಲವಿದೆ. ಆಲೂಗಡ್ಡೆ ಹೊಲಕ್ಕೆ ಔಷಧಿ ಹೊಡೆಯಲು ನಾಗರಿಕ ವಿಮಾನಯಾನ ನೋಡಿಕೊಳ್ಳುವ ಡಿಜಿಸಿಎ ಜಾರಿಮಾಡುವ ನಿಯಮದ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. 18 ತುಂಬಿ, 10ನೇ ತರಗತಿ ಪಾಸಾಗಿ, ಮಾನ್ಯತೆ ಪಡೆದ ಕೇಂದ್ರದಲ್ಲಿ ತರಬೇತಿ ಮುಗಿಸಿದರೆ ಅದು ಸಿಗುತ್ತದೆ. ಆದರೆ 2021ರ ಆ ಡ್ರೋನ್ ನಿಯಮಗಳು ಸೇನೆಗೆ ಅನ್ವಯಿಸುವುದೇ ಇಲ್ಲ. ಆ ಸರ್ಟಿಫಿಕೇಟ್ ತೋರಿಸಿ ‘ಸೇನೆಯಲ್ಲಿ ಪೈಲಟ್ ಕೆಲಸ ಗ್ಯಾರಂಟಿ’ ಎನ್ನುವವರಿಗೆ ದಯವಿಟ್ಟು ದುಡ್ಡು ಕಟ್ಟಬೇಡಿ.

ನಾನು ‘ದೂರಚಾಲಿತ ವಿಮಾನ’ ಎಂದು ಬರೆಯುತ್ತೇನೆ. ಚಾಲಿತ ಎಂದೊಡನೆ ‘ಚಾಲಕ ಯಾರು?’ ಎಂದು ಓದುವವರು ಕೇಳುತ್ತಾರೆ. ಭಾರತ 2024ರ ಅಕ್ಟೋಬರ್‌ನಲ್ಲಿ ರೀಪರ್ ಬಳಗದ್ದೇ ಆದ 31 ಎಂಕ್ಯೂ-9ಬಿ ಡ್ರೋನ್‌ಗಳಿಗೆ ಒಪ್ಪಂದ ಮಾಡಿಕೊಂಡಿದೆ. ಅವನ್ನು ನಡೆಸಲು ಎಷ್ಟು ಪಾಳಿ, ಎಷ್ಟು ಜನ ಬೇಕಾದೀತು ಎಂದು ಆ ಹುಡುಗ ಈಗ ಬೆರಳು ಮಡಚಿ ಎಣಿಸುತ್ತಿದ್ದಾನೆ.